ಭಾವಚಿತ್ರದಲ್ಲಿ ಭಾವ

ವ್ಯಕ್ತಿಯ ಮುಖವನ್ನು ತೋರಿಸುವ ಚಿತ್ರಕ್ಕೆ ಕನ್ನಡದಲ್ಲಿ 'ಭಾವಚಿತ್ರ' ಎಂದು ಹೆಸರು. ಈ ಹೆಸರನ್ನಿಟ್ಟವರು ಯಾರೇ ಆಗಿರಲಿ, ವಿವೇಕಿಗಳೇ ಸರಿ. ಹಣೆ, ಮೂಗು, ಗಲ್ಲಗಳ ಅಳತೆಯನ್ನು ಮಾತ್ರ ತೋರಿಸಿದರೆ ಅದು ಮುಖದ ನಕ್ಷೆ. ಒಳಗಿನ ಮನಸ್ಸನ್ನು ಹೊರಗೆ ತೋರಿಸಿದಾಗಲೇ ಅದು ಭಾವಚಿತ್ರ. ಪರೀಕ್ಷೆಯ ಪ್ರವೇಶಪತ್ರಕ್ಕೆ ಅಂಟಿಸಿದ ನಿಮ್ಮ ಚಿತ್ರವನ್ನೊಮ್ಮೆ ನೋಡಿಕೊಳ್ಳಿರಿ. ಅದು ನಿಮ್ಮದೇ ಮುಖ. ಆದರೆ ಅದರಲ್ಲಿ ನೀವು ಇದ್ದೀರಾ?

ನಮಗೆ ಈ ಪ್ರಶ್ನೆ ಒಂದು ವಿನೋದ. ನಟನಿಗಾದರೋ ಇದು ಜೀವನದ ಪ್ರಶ್ನೆ. ನಾವು ವಾಸಿಸುವ ಈ ಚೆನ್ನೈ ನಗರವು ಚಲನಚಿತ್ರಗಳ ತವರು. ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ ತಮಿಳು, ತೆಲುಗು ಚಿತ್ರಗಳೊಡನೆ ಕನ್ನಡ ಚಿತ್ರಗಳೂ ಅನೇಕ ವರ್ಷಗಳ ಕಾಲ ತಯಾರಾದವು. ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿದ ಮುತ್ತುರಾಜರು 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರರಾಗಿ ನಾಡಿಗೆಲ್ಲ ಪರಿಚಿತರಾದುದನ್ನು ನೀವು ಬಲ್ಲಿರಿ. ಆದರೆ ಹೀಗೆ ಅವಕಾಶ ದೊರೆತವರು ಕೆಲವರೇ. ಭಾವಚಿತ್ರಗಳ ಕಟ್ಟನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ಅಸಂಖ್ಯರು. ನಟನನ್ನು ನೋಡುವ ಮೊದಲು ನಿರ್ದೇಶಕನು ನೋಡುವುದು ಅವನ ಚಿತ್ರವನ್ನು. ಇಂದು ಆ ಚಿತ್ರ ಕಾಗದದ ಬದಲು ದೂರವಾಣಿಯ ತೆರೆಯ ಮೇಲೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಕ್ಷಣಮಾತ್ರದ ನೋಟ, ಕರೆಯಬೇಕೆ, ಬೇಡವೆ ಎಂಬುದು ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಆ ಒಂದು ನೋಟದಲ್ಲಿ ನಟನಿಗೆ ಉಳಿಯುವ ಬಲ ಯಾವುದು? ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಭಾವಚಿತ್ರದಲ್ಲಿ ಮಾತಿಲ್ಲವಾದ್ದರಿಂದ ವಾಚಿಕವಿಲ್ಲ. ಚೌಕಟ್ಟಿನೊಳಗೆ ತಲೆ, ಭುಜಗಳಷ್ಟೇ ಇರುವುದರಿಂದ ಆಂಗಿಕ ಬಹುಪಾಲು ಹೋಯಿತು. ಬಣ್ಣ, ವೇಷಗಳಿಲ್ಲದ ಸಹಜ ಮುಖವೇ ಬೇಕಾದ್ದರಿಂದ ಆಹಾರ್ಯಕ್ಕೂ ಎಡೆಯಿಲ್ಲ. ಉಳಿದದ್ದು ಸಾತ್ತ್ವಿಕವೊಂದೇ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳೂ ಮನಸ್ಸಿನ ಏಕಾಗ್ರತೆಯಿಂದ ಹುಟ್ಟತಕ್ಕವು. ಕೈಯನ್ನೆತ್ತು ಎಂದರೆ ಎತ್ತಬಹುದು. ಕಣ್ಣೀರು ಬಾ ಎಂದರೆ ಬರುವುದೇ?

ಪಾಶ್ಚಾತ್ಯ ವಿಜ್ಞಾನವೂ ಬೇರೊಂದು ದಾರಿಯಿಂದ ಇದೇ ಸತ್ಯವನ್ನು ಮುಟ್ಟಿದೆ. ಫ್ರಾನ್ಸಿನ ವೈದ್ಯ ಡ್ಯೂಷೆನ್ ಎಂಬಾತನು ಮುಖದ ಸ್ನಾಯುಗಳಿಗೆ ಸೌಮ್ಯವಾದ ವಿದ್ಯುತ್ತನ್ನು ಹರಿಸಿ, ಆಗ ಉಂಟಾಗುವ ಭಾವಗಳ ಛಾಯಾಚಿತ್ರಗಳನ್ನು ತೆಗೆಯಿಸಿ, 1862ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ನಗುವಿನಲ್ಲಿ ಎರಡು ಸ್ನಾಯುಗಳು ಕೆಲಸ ಮಾಡುತ್ತವೆಂದು ಅವನು ಕಂಡನು. ತುಟಿಯ ಕೊನೆಗಳನ್ನು ಮೇಲಕ್ಕೆಳೆಯುವ ಸ್ನಾಯು ನಮ್ಮ ಆಜ್ಞೆಯನ್ನು ಪಾಲಿಸುತ್ತದೆ. ಕಣ್ಣಿನ ಸುತ್ತ ಬಳೆಯಂತೆ ಇರುವ ಸ್ನಾಯುವಾದರೋ ನಿಜವಾದ ಸಂತೋಷಕ್ಕೆ ಮಾತ್ರ ಸುಲಭವಾಗಿ ಓಗೊಡುತ್ತದೆ. ಚಾರ್ಲ್ಸ್ ಡಾರ್ವಿನ್ನನು ಭಾವಪ್ರಕಟನೆಯನ್ನು ಕುರಿತ ತನ್ನ 1872ರ ಗ್ರಂಥದಲ್ಲಿ ಈ ಚಿತ್ರಗಳನ್ನು ಬಳಸಿಕೊಂಡನು. ಅಭ್ಯಾಸದಿಂದ ಕಣ್ಣಿನ ಸ್ನಾಯುವನ್ನೂ ಇಚ್ಛೆಯಂತೆ ಆಡಿಸಬಲ್ಲವರಿದ್ದಾರೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಆದರೂ ತುಟಿ ನಕ್ಕು ಕಣ್ಣು ನಗದಿದ್ದರೆ ಏನೋ ಕೊರತೆಯಿದೆಯೆಂದು ನೋಡುವವರಿಗೆ ತೋರುವುದು ಸಾಮಾನ್ಯ ಅನುಭವ.

ಹಿಂದಿನ ಕಾಲದ ಚಿತ್ರಗಳಲ್ಲಿ ಜನರು ಬಿಗಿದ ಮುಖದಿಂದ ಕುಳಿತಿರುವುದಕ್ಕೆ ಕಾರಣವಿತ್ತು. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ತಲೆ ಅಲುಗದಂತೆ ಹಿಂದೆ ಕಬ್ಬಿಣದ ಆಧಾರವನ್ನೂ ಇಡುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದಿಡುವವರು ಯಾರು? ಇಂದಿನ ಯಂತ್ರಕ್ಕೆ ಸೆಕೆಂಡಿನ ಇನ್ನೂರರಲ್ಲೊಂದು ಭಾಗ ಸಾಕು. ಕಬ್ಬಿಣದ ಆಧಾರ ಹೋಗಿದೆ. ಆದರೆ ಕ್ಯಾಮೆರಾ ಕಂಡೊಡನೆ ನಮ್ಮ ಮುಖ ತಾನಾಗಿಯೇ ಬಿಗಿದುಕೊಳ್ಳುತ್ತದೆ!

ಆದ್ದರಿಂದ ಅನುಭವವುಳ್ಳ ಛಾಯಾಗ್ರಾಹಕನು 'ನಗಿ' ಎಂದು ಆಜ್ಞಾಪಿಸುವುದಿಲ್ಲ. ನಗುವಿಗೆ ಕಾರಣವನ್ನು ಒದಗಿಸುತ್ತಾನೆ. ಮೊದಲು ಊರು, ಮನೆ, ಆಡಿದ ನಾಟಕಗಳನ್ನು ಕುರಿತು ಮಾತನಾಡಿಸುತ್ತಾನೆ. ದುಃಖದ ಮುಖ ಬೇಕಾದರೆ 'ಅಳು' ಎನ್ನದೆ, ರೈಲು ಹೊರಟುಹೋದ ಮೇಲೆ ಬರಿದಾದ ನಿಲ್ದಾಣವನ್ನು ನೋಡುತ್ತಿರುವುದಾಗಿ ಭಾವಿಸಲು ಹೇಳಬಹುದು. ಒಮ್ಮೆ ಕಣ್ಣು ಮುಚ್ಚಿಸಿ, ಆ ನೆನಪು ತುಂಬಿದ ಮೇಲೆ ತೆರೆಯಿಸಬಹುದು. ಭಾವವು ಅಲೆಯಂತೆ, ಏರುವುದಕ್ಕೂ ಇಳಿಯುವುದಕ್ಕೂ ಕಾಲ ಬೇಕು. ದೊಡ್ಡ ನಗು ಮುಗಿದು ಮುಖ ಶಾಂತವಾಗುವ ಹೊತ್ತಿನಲ್ಲಿಯೇ ಎಷ್ಟೋ ಸಲ ಒಳ್ಳೆಯ ಚಿತ್ರ ದೊರೆಯುತ್ತದೆ. ಆಡುವಾಗಿನ ಮುಖಕ್ಕಿಂತ ಆಲಿಸುವಾಗಿನ ಮುಖ ಹೆಚ್ಚು ಜೀವಂತವಾಗಿರುವುದೂ ಉಂಟು. ನಮ್ಮ ಹಿರಿಯ ನಟ ಟಿ. ಎನ್. ಬಾಲಕೃಷ್ಣರಿಗೆ ಕಿವಿ ಮಂದವಾಗಿತ್ತು. ಅವರು ಎದುರಿನವರ ತುಟಿಯನ್ನೂ ಮುಖವನ್ನೂ ಗಮನಿಸಿ ತಮ್ಮ ಮಾತಿನ ಸಮಯವನ್ನರಿಯುತ್ತಿದ್ದರೆಂದು ಹೇಳುತ್ತಾರೆ. ಎದುರಿನವರಲ್ಲಿ ಅಂತಹ ಗಮನವಿರುವ ಮುಖದಲ್ಲಿ ಜಡತೆಗೆ ಸ್ಥಳವೆಲ್ಲಿ?

ಯಂತ್ರ, ಬೆಳಕುಗಳ ವಿಚಾರವೂ ಭಾವಕ್ಕೆ ಸಹಾಯಕವಾಗಿರಬೇಕು. ಮುಖಕ್ಕೆ ತೀರ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಆದುದರಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತು, 85 ಅಥವಾ 100 ಮಿಲಿಮೀಟರಿನ ಮಸೂರವನ್ನು ಬಳಸುತ್ತಾರೆ. ಮಸೂರದ ಗುರಿ ಕಣ್ಣಿನ ಮೇಲಿರಬೇಕು. ಚೆನ್ನೈಯ ಮಧ್ಯಾಹ್ನದ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳನ್ನು ಸುರಿದು, ನೋಟವನ್ನು ಕಿರಿದಾಗಿಸುತ್ತದೆ. ಜಗಲಿಯ ನೆರಳಿನಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ ಬೀಳುವ ಮೃದುವಾದ ಬೆಳಕೇ ಮೇಲು. ಆ ಕಿಟಕಿಯ ಪ್ರತಿಬಿಂಬವು ಕಣ್ಣಿನಲ್ಲಿ ಒಂದು ಚುಕ್ಕೆಯಾಗಿ ಹೊಳೆದರೆ ಮುಖಕ್ಕೆ ಜೀವ ಬರುತ್ತದೆ. ಬೆಳಕಿನಿಂದಲೇ ಮನಸ್ಸನ್ನು ನುಡಿಸಿದವರಲ್ಲಿ ಮೈಸೂರಿನ ವಿ. ಕೆ. ಮೂರ್ತಿಯವರು ಅಗ್ರಗಣ್ಯರು. 1957ರ 'ಪ್ಯಾಸಾ' ಮತ್ತು 1959ರ 'ಕಾಗಜ್ ಕೆ ಫೂಲ್' ಹಿಂದೀ ಚಿತ್ರಗಳಲ್ಲಿ ಅವರು ಮುಖಗಳ ಮೇಲೆ ಹರಿಸಿದ ನೆಳಲು ಬೆಳಕು ಇಂದಿಗೂ ಪಾಠವಾಗಿವೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ತೆಗೆದ ಚಿತ್ರಗಳಲ್ಲಿ ಒಂದನ್ನು ಆರಿಸುವುದೂ ಕಷ್ಟದ ಕೆಲಸ. ನಟನು ತಾನು ಚೆಲುವನಾಗಿ ಕಾಣುವ ಚಿತ್ರವನ್ನು ಮೆಚ್ಚುತ್ತಾನೆ. ಅವನಿಗೆ ಕೆಲಸ ಕೊಡಿಸುವುದು ಅವನು ತಾನಾಗಿಯೇ ಕಾಣುವ ಚಿತ್ರ. ಗಣಕಯಂತ್ರದಿಂದ ಕಲೆ, ಸುಕ್ಕುಗಳನ್ನೆಲ್ಲ ಅಳಿಸಿ ಕಳುಹಿಸಿದರೆ, ನೇರವಾಗಿ ಕಂಡ ನಿರ್ದೇಶಕನು 'ಚಿತ್ರದಲ್ಲಿದ್ದವರು ಎಲ್ಲಿ?' ಎಂದು ಕೇಳಬೇಕಾದೀತು. ಇನ್ನೊಂದು ಎಚ್ಚರಿಕೆಯೂ ಅಗತ್ಯ. 'ದುಬಾರಿ ಆಲ್ಬಂ ಮಾಡಿಸಿರಿ, ಅವಕಾಶ ಖಂಡಿತ' ಎಂದು ಹಣ ಕೇಳುವವರು ಸಿನಿಮಾ ಇರುವಲ್ಲೆಲ್ಲ ಇರುತ್ತಾರೆ. ಯಾವ ಚಿತ್ರವೂ ಅವಕಾಶವನ್ನು ಖಚಿತಪಡಿಸಲಾರದು. ಹಿರಿಯರನ್ನು ಕೇಳದೆ ಅಂತಹವರಿಗೆ ಹಣವನ್ನಾಗಲಿ, ಚಿತ್ರವನ್ನಾಗಲಿ ಕೊಡಲಾಗದು.

ವಿದ್ಯಾರ್ಥಿಮಿತ್ರರೇ, ಇದನ್ನು ನೀವೇ ಪರೀಕ್ಷಿಸಬಹುದು. ಮನೆಯವರ ದೂರವಾಣಿಯಿಂದ ಗೆಳೆಯನ ಎರಡು ಚಿತ್ರ ತೆಗೆಯಿರಿ. ಮೊದಲನೆಯದಕ್ಕೆ 'ನಗು' ಎನ್ನಿರಿ. ಎರಡನೆಯದಕ್ಕೆ ಮೊದಲು, ಅಜ್ಜಿಯ ಊರಿನಲ್ಲಿ ಕಳೆದ ರಜೆಯ ಕಥೆಯನ್ನು ಹೇಳೆಂದು ಕೇಳಿರಿ. ಅವನು ತನ್ನನ್ನು ಮರೆತಾಗ ಗುಂಡಿಯನ್ನೊತ್ತಿರಿ. ಅನಂತರ ಎರಡು ಚಿತ್ರಗಳಲ್ಲಿಯೂ ಬಾಯಿಯನ್ನು ಕಾಗದದ ಚೂರಿನಿಂದ ಮುಚ್ಚಿ ಕಣ್ಣುಗಳನ್ನಷ್ಟೇ ನೋಡಿರಿ. ಯಾವುದು ಭಾವಚಿತ್ರ, ಯಾವುದು ಮುಖದ ನಕ್ಷೆ ಎಂಬುದು ಆಗ ತಾನಾಗಿಯೇ ತಿಳಿಯುವುದು. ಒಬ್ಬರ ಮುಖ ಅರಳಬೇಕಾದರೆ ಅವರ ಮಾತಿಗೆ ನಾವು ಕಿವಿಗೊಡಬೇಕು. ಇದು ಛಾಯಾಗ್ರಾಹಕನಿಗೆ ಹೇಗೋ, ಮನೆಯಲ್ಲಿಯೂ ಶಾಲೆಯಲ್ಲಿಯೂ ನಮಗೆಲ್ಲರಿಗೂ ಹಾಗೆಯೇ ಸಲ್ಲುವ ಮಾತು.