ನಲವತ್ತು ನಿಮಿಷದ ಆಟದಲ್ಲಿ ಮೊದಲ ಕೆಲಸ ಯಾವುದು?

ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ: "ಅಮ್ಮ, ಇನ್ನೊಂದು ಹತ್ತು ನಿಮಿಷ, ಮಧ್ಯದಲ್ಲಿ ಬಿಟ್ಟು ಬರೋಕಾಗಲ್ಲ!" ಸಕಲೇಶಪುರದ ಹತ್ತಿರದ ನಮ್ಮ ತೋಟದ ಮನೆಯಲ್ಲೂ ಅದೇ ಕಥೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ನನ್ನ ಮಗ, ಆಲೂರಿನ ಅವನ ಗೆಳೆಯ, ಹಾಸನದ ಇಬ್ಬರು, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ, ಹೀಗೆ ಐವರೂ ಸೇರಿ 'ಡೋಟಾ 2' ಆಡುತ್ತಾರೆ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ವೈರ್ ಕಡಿದರೆ ಅವನ ಆಟವೂ ಇಲ್ಲ, ನನ್ನ ಧಾರಾವಾಹಿಯೂ ಇಲ್ಲ.

ದೂರದಿಂದ ನೋಡಿದರೆ ಬರೀ ಹೊಡೆದಾಟ, ಕಿರುಚಾಟ. ಒಂದು ಭಾನುವಾರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. "ಏನೋ ಇದು, ನನಗೂ ಸ್ವಲ್ಪ ಹೇಳು" ಅಂದೆ. ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮಕ್ಕಳ ಜೊತೆ ಮಾತಾಡೋಕೆ ಉಪಯೋಗಕ್ಕೆ ಬಂದೀತು.

ಎರಡು ತಂಡ, ತಂಡಕ್ಕೆ ಐವರು. ಎರಡೂ ಕಡೆಯ ಮೂಲಸ್ಥಾನಗಳ ನಡುವೆ ಮೂರು ದಾರಿ. ಒಂದೊಂದು ದಾರಿಯಲ್ಲೂ ಪ್ರತಿ ತಂಡಕ್ಕೆ ಮೂರು ಕಾವಲು ಗೋಪುರ, ಇವರ ಬಾಯಲ್ಲಿ 'ಟವರ್'. ಕೊನೆಗೆ ಮೂಲಸ್ಥಾನದ ಮುಂದೆ ಇನ್ನೆರಡು. ಒಟ್ಟು 11. ಹೊರಗಿನದನ್ನು ಕೆಡವದೆ ಅದರ ಒಳಗಿನದನ್ನು ಮುಟ್ಟುವ ಹಾಗಿಲ್ಲ. ಮೂರನೇ ಟವರ್ ಹಿಂದೆ ಸೈನಿಕರ ಬಿಡಾರ, ಅದೇ 'ಬ್ಯಾರಕ್ಸ್'. ಅದನ್ನು ಕೆಡವಿದರೆ ಆ ದಾರಿಯಲ್ಲಿ ನಮ್ಮ ಪುಟ್ಟ ಸೈನಿಕರು ಬಲಿಷ್ಠರಾಗುತ್ತಾರೆ. ಎಲ್ಲಕ್ಕಿಂತ ಒಳಗೆ 'ಏನ್ಶಿಯಂಟ್' ಎಂಬ ಕಟ್ಟಡ. ಅದು ಬಿದ್ದರೆ ಆಟ ಮುಗಿಯಿತು. ಎಷ್ಟು ಜನರನ್ನು ಕೊಂದಿರಿ ಅಂತ ಕೊನೆಯಲ್ಲಿ ಯಾರೂ ಕೇಳುವುದಿಲ್ಲ.

ಕಾಡಿನೊಳಗೆ ರೋಶನ್ ಎಂಬ ದೈತ್ಯ ಪ್ರಾಣಿಯೂ ಇದೆ. ಅದನ್ನು ಹೊಡೆದ ತಂಡದಲ್ಲಿ ಒಬ್ಬರಿಗೆ ಒಂದು ವಸ್ತು ಸಿಗುತ್ತದೆ. ಐದು ನಿಮಿಷದೊಳಗೆ ಅವರು ಸತ್ತರೆ ಬಿದ್ದಲ್ಲೇ ಮತ್ತೆ ಎದ್ದೇಳಬಹುದು. ಆ ಐದು ನಿಮಿಷ ಸುಮ್ಮನೆ ಅಡ್ಡಾಡಿದರೆ ವಸ್ತು ಮಾಯ. ರೋಶನ್ ಮತ್ತೆ ಹುಟ್ಟೋದು 8ರಿಂದ 11 ನಿಮಿಷದ ನಡುವೆ, ಸರಿಯಾಗಿ ಯಾವಾಗ ಅಂತ ಗೊತ್ತಾಗಲ್ಲ.

ಇನ್ನೊಂದು ಸಂಗತಿ: ಮೂಲಸ್ಥಾನ ಎತ್ತರದ ಜಾಗದಲ್ಲಿದೆ. ಕೆಳಗೆ ನಿಂತವರಿಗೆ ಮೇಲಿನದು ಕಾಣುವುದಿಲ್ಲ. ಇದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಗೆ ಹತ್ತಿದವರಿಗೆ ಗೊತ್ತು, ಮೇಲೆ ನಿಂತವನಿಗೆ ದಾರಿಯೆಲ್ಲ ಕಾಣುತ್ತದೆ, ಕೆಳಗಿನಿಂದ ಬರುವವನಿಗೆ ಬರೀ ಗೋಡೆ.

ಇಷ್ಟು ತಿಳಿದ ಮೇಲೆ ಆ ದಿನದ ಆಟ ನೋಡಿದೆ. 35ನೇ ನಿಮಿಷದ ಸುಮಾರಿಗೆ ನಮ್ಮ ಹುಡುಗರು ಎದುರಾಳಿಗಳಲ್ಲಿ ನಾಲ್ವರನ್ನು ಒಟ್ಟಿಗೇ ಕೆಡವಿದರು. ಮನೆ ಹಾರಿಹೋಗುವ ಹಾಗೆ ಕೂಗು! ಆಮೇಲೆ ಮಾಡಿದ್ದೇನು? ತಪ್ಪಿಸಿಕೊಂಡ ಐದನೆಯವನ ಹಿಂದೆ ಐವರೂ ಕಾಡಿಗೆ ನುಗ್ಗಿದರು. ಅವನೂ ಸಿಕ್ಕಿಬಿದ್ದ, ಅಷ್ಟರಲ್ಲಿ ಸತ್ತ ನಾಲ್ವರೂ ಎದ್ದು ಬಂದರು. ಮಧ್ಯದ ದಾರಿ ತೆರೆದೇ ಇತ್ತು, ಯಾರೂ ಹೋಗಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ರೋಶನ್ ಅವರ ಪಾಲಾಯಿತು, ಆಟವೂ ಅವರದಾಯಿತು. ಕೊಂದ ಲೆಕ್ಕದಲ್ಲಿ ನಮ್ಮವರೇ ಮುಂದಿದ್ದರು.

ಆಲೂರಿನ ಹುಡುಗ ಹೆಡ್‌ಫೋನಿನಲ್ಲೇ ಬೈದ, "ಒಬ್ಬನಿಗೋಸ್ಕರ ಐದು ಜನ ಓಡಿದ್ರಲ್ಲೋ ಮಾರಾಯ!"

ಮಾರನೇ ದಿನ ಮಗ ಒಂದು ಕಾಗದದಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿದ್ದ:

ನಾಲ್ಕೈದು ಜನ ಸತ್ತರೆ: ಸೀದಾ ಬ್ಯಾರಕ್ಸ್, ಆದರೆ ಏನ್ಶಿಯಂಟ್.
ಇಬ್ಬರು ಮೂವರು ಸತ್ತರೆ: ರೋಶನ್ ಅಥವಾ ಹತ್ತಿರದ ಟವರ್.
ಒಬ್ಬ ಸತ್ತರೆ: ಹೊರಗಿನ ಟವರ್. ಎತ್ತರಕ್ಕೆ ಹತ್ತಬೇಡ.
ಯಾರೂ ಸಾಯದಿದ್ದರೆ: ಮೂರೂ ದಾರಿ ಮುಂದಕ್ಕೆ ತಳ್ಳು, ಕಾವಲು ಕಣ್ಣು ಇಡು.
ನಮ್ಮವರು ಸತ್ತರೆ: ಸೇಡು ಬೇಡ, ಮನೆ ಕಾಯಿ.

ನಮ್ಮೆಜಮಾನರು ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. "ಇದು ನಮ್ಮ ತೋಟದ ಲೆಕ್ಕಾನೇ ಅಲ್ವೇನೇ?" ಅಂದರು.

ಹೌದು. ಮಾರ್ಚ್ ಹೊತ್ತಿಗೆ ರೋಬಸ್ಟಾ ಗಿಡದಲ್ಲಿ ಮೊಗ್ಗು ಕಾಯುತ್ತಿರುತ್ತದೆ. ಹೂಮಳೆ ಬಂದರೆ ಪುಣ್ಯ. ಬರದಿದ್ದರೆ ಸ್ಪ್ರಿಂಕ್ಲರ್ ಇಟ್ಟು ಒಂದು, ಒಂದೂವರೆ ಇಂಚು ನೀರು ಕೊಡಬೇಕು. ಹೂವರಳಿ ಎರಡು ಮೂರು ವಾರಕ್ಕೆ ಇನ್ನೊಂದು ಸಲ. ಆ ದಿನಗಳಲ್ಲಿ ಬೇಲಿ ಮುರಿದಿದೆ, ಕಳೆ ಬೆಳೆದಿದೆ, ಕಣದ ಗೋಡೆ ಬಿರುಕು ಬಿಟ್ಟಿದೆ ಅಂತ ಆಳುಗಳನ್ನೆಲ್ಲ ಅಲ್ಲಿಗೆ ಕಳಿಸುತ್ತೇವಾ? ಅವು ಮುಂದಿನ ವಾರವೂ ಇರುತ್ತವೆ. ಮೊಗ್ಗು ಕಾಯಲ್ಲ. ಹಳ್ಳದ ನೀರೂ ಕಾಯಲ್ಲ.

ಆದರೆ ನಮ್ಮ ಮನೆಯ ನಿಜವಾದ ಜಗಳ ಬೇರೆ ಇತ್ತು. ಮಗನಿಗೆ ಆ ವರ್ಷ ದ್ವಿತೀಯ ಪಿಯುಸಿ. ನೆಟ್ ತೆಗೆಸಿಬಿಡುತ್ತೇನೆ ಅಂತ ಇವರು, ನಾಲ್ಕು ಜನಕ್ಕೆ ಮಾತು ಕೊಟ್ಟಿದ್ದೀನಿ ಅಂತ ಅವನು. ವಾರಗಟ್ಟಲೆ ಅಪ್ಪ ಮಗ ಊಟದ ಹೊತ್ತಲ್ಲೂ ಮುಖ ಕೊಟ್ಟು ಮಾತಾಡಿರಲಿಲ್ಲ. ಆ ಕಾಗದ ನೋಡಿದ ರಾತ್ರಿ ಇವರು ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಮೇ ತಿಂಗಳಿಂದ ಹಿಂದಕ್ಕೆ ನೋಡಿದ್ರೆ, ಈ ಮೂರು ತಿಂಗಳಲ್ಲಿ ನಿನ್ನ ಏನ್ಶಿಯಂಟ್ ಯಾವುದೋ?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಕ್ಸಾಮ್" ಅಂದ. ಆಮೇಲೆ ಅವನೇ ಸೇರಿಸಿದ, "ಆದ್ರೆ ಅಪ್ಪಾ, ಆಟ ಶುರುವಾದ ಮೇಲೆ ಮಾತ್ರ ಎಬ್ಬಿಸಬೇಡಿ. ನಾನೆದ್ದು ಹೋದ್ರೆ ನಾಲ್ಕು ಜನ ಸೋಲ್ತಾರೆ."

ಒಪ್ಪಂದ ಆಯಿತು. ವಾರಕ್ಕೆ ಎರಡು ಆಟ, ಶನಿವಾರ ಮತ್ತು ಭಾನುವಾರ. ಒಂದು ಆಟ ಹೆಚ್ಚು ಕಡಿಮೆ ನಲವತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ. ಅದಕ್ಕೆ ಊಟಕ್ಕೆ ಒಂದು ಗಂಟೆಯೊಳಗೆ ಹೊಸ ಆಟ ಶುರು ಮಾಡುವ ಹಾಗಿಲ್ಲ. ಶುರುವಾದ ಮೇಲೆ ನಾವು ಕರೆಯುವ ಹಾಗಿಲ್ಲ. ಮಾರ್ಚಿನಲ್ಲಿ ಆಟ ಪೂರ್ತಿ ಬಂದ್. ತಂಡಕ್ಕೆ ಅವನೇ ಮೊದಲೇ ಹೇಳಿಬಿಟ್ಟ. ಅವರಲ್ಲಿ ಇಬ್ಬರಿಗೆ ಅದೇ ಬೇಕಾಗಿತ್ತಂತೆ!

ತಂದೆತಾಯಿಗಳಿಗೆ ಇನ್ನೊಂದು ವಿಷಯ. ಎಲ್ಲ ಆನ್‌ಲೈನ್ ಆಟವೂ ಒಂದೇ ಅಲ್ಲ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಗುರುತಿಸಿದೆ. 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಮೊಯಿನ್ ಎಜಾಜ್ ನಾಯಕತ್ವದ ಭಾರತ ತಂಡ ಇದೇ ಡೋಟಾ 2ರಲ್ಲಿ ಕಂಚು ಗೆದ್ದಿತ್ತು. ಹಾಗಂತ ಆಡುವ ಹುಡುಗರೆಲ್ಲ ಪದಕ ತರುತ್ತಾರೆ ಅಂತ ನಂಬಿಕೊಂಡು ಕೂರಬೇಕಿಲ್ಲ. ಮಗು ಯಾವ ಆಟ ಆಡುತ್ತಿದೆ, ಅದರಲ್ಲಿ ದುಡ್ಡು ಹೋಗುತ್ತದಾ, ಒಂದು ಆಟ ಎಷ್ಟು ಹೊತ್ತು, ಇಷ್ಟನ್ನು ಕೇಳಿ ತಿಳಿದುಕೊಂಡರೆ ಮನೆಯ ಅರ್ಧ ಜಗಳ ಕಡಿಮೆ.

ಪರೀಕ್ಷೆ ಮುಗಿಯಿತು, ಫಲಿತಾಂಶ ನಮಗೆ ತೃಪ್ತಿಯಾಗುವಷ್ಟು ಚೆನ್ನಾಗೇ ಬಂತು. ಮುಂದಿನ ಸಲ ಮಕ್ಕಳು "ಇನ್ನು ಹತ್ತು ನಿಮಿಷ" ಅಂದಾಗ ಪಕ್ಕದಲ್ಲಿ ಕೂತು ಕೇಳಿ ನೋಡಿ, "ಈಗ ಯಾವ ಟವರ್ ಮೇಲೆ ಕಣ್ಣು?" ಅಂತ. ಅವರು ಕಣ್ಣರಳಿಸಿ ನಿಮ್ಮ ಕಡೆ ತಿರುಗುತ್ತಾರೆ. ಅಲ್ಲಿಂದ ಮಾತು ಶುರು ಮಾಡಬಹುದು.