ಕಂಪ್ಯೂಟರ್ ನಿಜಕ್ಕೂ ಕಳ್ಳಾಟ ಆಡುತ್ತದೆಯೇ?

ಮೊಬೈಲಿನಲ್ಲಿ ದಾಳದಾಟ ಆಡುವವರ ಬಾಯಲ್ಲಿ ಒಂದೇ ದೂರು: ಕಂಪ್ಯೂಟರ್‌ಗೆ ಬೇಕಾದಾಗಲೆಲ್ಲ ಬೇಕಾದ ಗರವೇ ಬೀಳುತ್ತದೆ. ಎರಡು ದಾಳಗಳ ಬ್ಯಾಕ್‌ಗ್ಯಾಮನ್ ಆಟದಲ್ಲಂತೂ ಇದು ಹಳೆಯ ಅನುಮಾನ. ಉಚಿತವಾಗಿ ಸಿಗುವ ಗ್ನೂ ಬ್ಯಾಕ್‌ಗ್ಯಾಮನ್‌ನಲ್ಲಿ ಅದನ್ನು ಪರೀಕ್ಷಿಸಲು ದಾರಿಯಿದೆ. ಮೇಜಿನ ಮೇಲೆ ನಿಜವಾದ ದಾಳ ಉರುಳಿಸಿ, ಬಿದ್ದ ಗರವನ್ನು ಆಟಗಾರನೇ ಕಂಪ್ಯೂಟರ್‌ಗೆ ತಿಳಿಸಬಹುದು. ಆಗಲೂ ಸಾಮಾನ್ಯ ಆಟಗಾರ ಅದರ ಮುಂದೆ ನಿಲ್ಲುವುದು ಕಷ್ಟ. ಪಳಗಿದ ಆಟಗಾರ ಮುಂದಿನ ಸರದಿಯಲ್ಲಿ ಆದಷ್ಟು ಹೆಚ್ಚು ಗರಗಳು ಉಪಯೋಗಕ್ಕೆ ಬರುವಂತೆ ಕಾಯಿ ನಡೆಸುತ್ತಾನೆ. ಕಂಪ್ಯೂಟರ್ ಮಾಡುವುದೂ ಅದನ್ನೇ. ಸೋತವರ ಕಣ್ಣಿಗೆ ಅದು ಅದೃಷ್ಟವಾಗಿ ಕಾಣುತ್ತದೆ.

ಗೆಲುವಿನ ಸಾಧ್ಯತೆಯನ್ನು ಅಂಕಿಯಲ್ಲಿ ತೋರಿಸುವ ಯುದ್ಧದಾಟಗಳ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಲೆಕ್ಕ ತಿದ್ದುವುದುಂಟು, ಆದರೆ ಅದರ ಲಾಭ ಹಲವು ಸಲ ಮನುಷ್ಯನಿಗೇ. 'ಸಿವಿಲೈಸೇಶನ್' ಸರಣಿಯ ಜನಕ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಮೂರಕ್ಕೆ ಒಂದರ ಬಲವಿದ್ದರೆ ನಾಲ್ಕರಲ್ಲಿ ಒಂದು ಸಲ ಸೋಲಬೇಕು. ಪರೀಕ್ಷೆಗೆ ಕೂತ ಆಟಗಾರರು ಆ ಒಂದು ಸೋಲನ್ನೂ ಒಪ್ಪಲಿಲ್ಲ. ಅದೇ ತಾವು ದುರ್ಬಲರಾಗಿದ್ದೂ ಗೆದ್ದಾಗ ಯಾರೂ ತಕರಾರು ತೆಗೆಯಲಿಲ್ಲ! ಕೊನೆಗೆ 'ಸಿವಿಲೈಸೇಶನ್ ರೆವಲ್ಯೂಶನ್'ನಲ್ಲಿ ಲೆಕ್ಕವನ್ನೇ ಅವರ ಮನಸ್ಸಿಗೆ ಹೊಂದುವಂತೆ ತಿದ್ದಲಾಯಿತು.

ಜಪಾನಿನ 'ಫೈರ್ ಎಂಬ್ಲೆಮ್' ಸರಣಿಯಲ್ಲಿ 2002ರಿಂದ ಬಂದ ಹಲವು ಆಟಗಳು ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆಯುತ್ತವೆ. ಹಾಗಾಗಿ ಪರದೆಯ ಮೇಲೆ ಶೇ. 90 ಎಂದಿರುವ ಏಟು ಶೇ. 98.1ರಷ್ಟು ಸಲ ತಗಲುತ್ತದೆ, ಶೇ. 10 ಎಂದಿರುವುದು ತಗಲುವುದು ಬರೀ ಶೇ. 2.1. ಸೂತ್ರ ಇಬ್ಬರಿಗೂ ಒಂದೇ. ಆದರೂ ಗುರಿ ಚೆನ್ನಾಗಿರುವುದು ಸಾಮಾನ್ಯವಾಗಿ ಆಟಗಾರನ ಸೈನಿಕರದ್ದು.

ಹಾಗೆಂದು ಕಂಪ್ಯೂಟರ್ ಪೂರ್ತಿ ಸಾಚಾ ಅಲ್ಲ. 1992ರ 'ಸೂಪರ್ ಮಾರಿಯೋ ಕಾರ್ಟ್'ನಲ್ಲಿ ಮನುಷ್ಯ ದಾರಿಯಲ್ಲಿ ಸಿಕ್ಕ ಅಸ್ತ್ರವನ್ನಷ್ಟೇ ಬಳಸಬೇಕು. ಕಂಪ್ಯೂಟರ್ ಚಾಲಕರು ತಮ್ಮದೇ ಅಸ್ತ್ರವನ್ನು ಎಲ್ಲಿಂದಲೂ ಹೆಕ್ಕದೆ ಮತ್ತೆ ಮತ್ತೆ ಎಸೆಯುತ್ತಾರೆ. ಇದು ಶುದ್ಧ ಕಳ್ಳಾಟ.

ಕಷ್ಟದ ಹಂತ ಏರಿಸಿದರೆ ಕಂಪ್ಯೂಟರ್‌ನ ಬುದ್ಧಿ ಚುರುಕಾಗುತ್ತದೆ ಎಂಬುದೂ ಎಷ್ಟೋ ಆಟಗಳಲ್ಲಿ ಸುಳ್ಳು. ಹೆಚ್ಚುವುದು ಅದರ ಬಂಡವಾಳ. 2016ರ 'ಸಿವಿಲೈಸೇಶನ್ 6'ರ ಡೀಟಿ ಎಂಬ ಅತಿ ಕಷ್ಟದ ಹಂತದಲ್ಲಿ ಊರು ಕಟ್ಟುವ ತಂಡ ಮನುಷ್ಯನಿಗೆ ಒಂದಾದರೆ ಎದುರಾಳಿಗೆ ಮೂರು. ದೂರದೃಷ್ಟಿಯ ತಂತ್ರ ಹೂಡುವ ಪ್ರೋಗ್ರಾಂ ಬರೆಯುವುದಕ್ಕಿಂತ ಖಜಾನೆ ತುಂಬಿಸಿ ಕಳಿಸುವುದು ಸುಲಭ. 'ಸ್ಟಾರ್‌ಕ್ರಾಫ್ಟ್ 2' ಇದನ್ನು ಮುಚ್ಚಿಡದೆ, ಮೇಲಿನ ಮೂರು ಹಂತಗಳಿಗೆ 'ಚೀಟರ್' ಎಂದೇ ಹೆಸರಿಟ್ಟಿದೆ: ಒಂದಕ್ಕೆ ಇಡೀ ನಕ್ಷೆ ಕಾಣುತ್ತದೆ, ಇನ್ನೊಂದಕ್ಕೆ ಸಂಪನ್ಮೂಲವೂ ಹೆಚ್ಚು ಸಿಗುತ್ತದೆ. ಎಲ್ಲ ಆಟಗಳೂ ಇಷ್ಟು ಪ್ರಾಮಾಣಿಕವಾಗಿರಬೇಕು.

ಇದೇ ಆಟದಲ್ಲಿ ಡೀಪ್‌ಮೈಂಡ್‌ನ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಆಲ್ಫಾಸ್ಟಾರ್ ಇಬ್ಬರು ವೃತ್ತಿಪರರನ್ನು 10–0 ಅಂತರದಲ್ಲಿ ಮಣಿಸಿದ್ದು 2019ರ ಜನವರಿಯಲ್ಲಿ ಬಹಿರಂಗವಾಯಿತು. ಆ ಪಂದ್ಯಗಳಲ್ಲಿ ಅದು ಕ್ಯಾಮೆರಾ ಸರಿಸದೆಯೇ, ತನ್ನ ಪಡೆಗೆ ಕಾಣುವಷ್ಟು ನಕ್ಷೆಯನ್ನೆಲ್ಲ ಒಟ್ಟಿಗೆ ನೋಡುತ್ತಿತ್ತು. ಮನುಷ್ಯರಂತೆ ಕ್ಯಾಮೆರಾ ಸರಿಸಿಯೇ ನೋಡಬೇಕಾದ ಆವೃತ್ತಿಯನ್ನು ಪೋಲೆಂಡಿನ ಆಟಗಾರ ಮಾನಾ ನೇರಪ್ರಸಾರದ ಪಂದ್ಯದಲ್ಲಿ ಸೋಲಿಸಿದರು.