ಹೋಗುವಾಗ ಎಂಟು ಗಂಟೆ, ಬರುವಾಗ ಏಳು

ಸಮುದ್ರೋಲ್ಲಂಘನವೆಂದೊಡನೆ ನಮಗೆ ಹನುಮಂತನ ನೆನಪಾಗುವುದು ಸಹಜ. ಇಂದಾದರೋ ಸಾಮಾನ್ಯ ಗೃಹಸ್ಥರೂ ಹೆಂಡಿರು ಮಕ್ಕಳೊಡನೆ ಕುಳಿತಲ್ಲಿಯೇ ಕುಳಿತು ಕಡಲನ್ನು ದಾಟುತ್ತಿರುವರು. ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣದಿಂದ ಅಟ್ಲಾಂಟಿಕ್ ಸಾಗರದಾಚೆ ನ್ಯೂಯಾರ್ಕಿನ ಕೆನೆಡಿ ನಿಲ್ದಾಣಕ್ಕೆ ಸುಮಾರು ೫,೫೪೦ ಕಿಲೋಮೀಟರು, ಎಂದರೆ ೩,೪೪೦ ಮೈಲಿ. ಹೋಗುವುದಕ್ಕೆ ಸುಮಾರು ೮ ಗಂಟೆ ಹಿಡಿದರೆ ಮರಳುವುದಕ್ಕೆ ಸುಮಾರು ೭ ಸಾಕು. ದೂರವು ಒಂದೇ ಆಗಿರಲು ಈ ಭೇದವೇತಕ್ಕೆ?

ಮೊದಲು ದಾರಿಯ ವಿಚಾರವನ್ನು ನೋಡೋಣ. ಗೋಡೆಯ ಭೂಪಟದಲ್ಲಿ ಎಳೆದ ನೇರವಾದ ಗೆರೆಯೇ ಹತ್ತಿರದ ದಾರಿಯೆಂದು ತೋರುವುದು. ಆದರೆ ಭೂಮಿಯು ಗುಂಡಾದುದಷ್ಟೆ. ಮಕ್ಕಳ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಹಿಡಿದು ನೋಡಿರಿ. ನ್ಯೂಯಾರ್ಕು ಲಂಡನ್ನಿಗಿಂತ ತೆಂಕಲಿಗಿದ್ದರೂ ದಾರವು ಮೊದಲು ಕೊಂಚ ಬಡಗಲಿಗೆ ಏರಿ, ಐರ್ಲೆಂಡನ್ನು ಹಾಯ್ದು, ನ್ಯೂಫೌಂಡ್‌ಲೆಂಡಿನ ಕಡೆಯಿಂದ ಇಳಿಯುವುದು. ಅದೇ ಅತಿ ಸಮೀಪದ ಮಾರ್ಗ.

ಇನ್ನು ಕಾಲದ ವಿಚಾರ. ಒಂಬತ್ತು ಹತ್ತು ಕಿಲೋಮೀಟರು ಎತ್ತರದಲ್ಲಿ ಪಡುವಣಿಂದ ಮೂಡಣಕ್ಕೆ ಗಾಳಿಯ ಮಹಾಪ್ರವಾಹವೊಂದು ಹರಿಯುತ್ತಿರುವುದು. ಹೊಳೆಯಲ್ಲಿ ಹರಿವಿನೊಡನೆ ಈಸುವವನಿಗೂ ಎದುರೀಸುವವನಿಗೂ ಇರುವ ಅಂತರವೇ ಇಲ್ಲಿಯೂ ಉಂಟು. ೨೦೨೦ನೆಯ ಫೆಬ್ರವರಿಯಲ್ಲಿ ಬಿರುಗಾಳಿಯ ಬಲದಿಂದ ಒಂದು ವಿಮಾನವು ನ್ಯೂಯಾರ್ಕಿನಿಂದ ಲಂಡನ್ನಿಗೆ ೪ ಗಂಟೆ ೫೬ ನಿಮಿಷದಲ್ಲಿ ಬಂದು ಸೇರಿತು. ಆದಕಾರಣ ಸಾಗರದ ಮೇಲಣ ದಾರಿಗಳನ್ನು ಗಾಳಿಯನ್ನು ನೋಡಿ ದಿನದಿನವೂ ಹೊಸದಾಗಿ ಗೊತ್ತುಮಾಡುವರು.

ಈ ಗಾಳಿಯ ಪ್ರಾಬಲ್ಯಕ್ಕೆ ಮೊದಲಿಗರು ತೆತ್ತ ಬೆಲೆ ಅಲ್ಪವಲ್ಲ. ೧೯೧೯ರ ಜೂನಿನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಂಬಿಬ್ಬರು ನ್ಯೂಫೌಂಡ್‌ಲೆಂಡಿನಿಂದ ಐರ್ಲೆಂಡಿಗೆ ೧೬ ಗಂಟೆಯೊಳಗಾಗಿ ಹಾರಿ ಬಂದರು. ಎದುರು ದಿಕ್ಕಿನ ಯಾನವೋ ದುಸ್ತರವಾಯಿತು. ೧೯೨೭ರ ಮೇ ೮ರಂದು ಪ್ಯಾರಿಸಿನಿಂದ ನ್ಯೂಯಾರ್ಕಿಗೆಂದು ಹೊರಟ ನಂಜೆಸರ್ ಮತ್ತು ಕೋಲಿ ಎಂಬ ವೀರರು ಮರಳಿ ಕಾಣಲಿಲ್ಲ. ಎರಡು ವಾರದೊಳಗೆ ಲಿಂಡ್‌ಬರ್ಗನು ನ್ಯೂಯಾರ್ಕಿನಿಂದ ಹೊರಟು ಮೂವತ್ತಮೂರೂವರೆ ಗಂಟೆಯಲ್ಲಿ ಪ್ಯಾರಿಸನ್ನು ಮುಟ್ಟಿದನು. ೧೯೨೮ರ ಏಪ್ರಿಲಿನಲ್ಲಿ 'ಬ್ರೆಮೆನ್' ವಿಮಾನದ ಮೂವರು ಐರ್ಲೆಂಡಿನಿಂದ ಹೊರಟು, ಸುಮಾರು ೩೬ ಗಂಟೆ ಹೆಣಗಿ, ಕೆನಡದ ಒಂದು ಹಿಮದ ದ್ವೀಪದಲ್ಲಿ ಇಳಿದಾಗಲೇ ಪಡುವಣ ದಾರಿ ತೆರೆಯಿತು.

ಗಡಿಯಾರದ ಮಾತೊಂದು ಉಳಿಯಿತು. ಎರಡು ಊರುಗಳ ವೇಳೆಗೆ ಸಾಮಾನ್ಯವಾಗಿ ೫ ಗಂಟೆಗಳ ಅಂತರ. ಬೆಳಿಗ್ಗೆ ೧೧ಕ್ಕೆ ಲಂಡನ್ ಬಿಟ್ಟವನು ಮಧ್ಯಾಹ್ನ ೨ಕ್ಕೆ ನ್ಯೂಯಾರ್ಕಿನಲ್ಲಿ ಇಳಿದೆನೆಂದು ತಿಳಿಸಿದರೆ, ಮೂರೇ ಗಂಟೆಯ ಪಯಣವೆಂದು ತಾಯಿಯು ಎಣಿಸಬಾರದು. ಸಂಜೆ ೭ಕ್ಕೆ ಅಲ್ಲಿಂದ ಹೊರಟವನು ಬೆಳಿಗ್ಗೆ ೭ಕ್ಕೆ ಲಂಡನ್ನಿನಲ್ಲಿ ಇಳಿದಾಗ ಅವನ ದೇಹಕ್ಕೆ ಇನ್ನೂ ನಡುರಾತ್ರಿ ಕಳೆದು ಎರಡು ಗಂಟೆ. ಅಂತಹ ಪ್ರಯಾಣಿಕನು ಬಾಗಿಲಿಗೆ ಬಂದರೆ ಪ್ರಶ್ನೆಗಳನ್ನು ಆಮೇಲೆ ಕೇಳಬಹುದು. ಮೊದಲು ಹಾಸಿಗೆಯನ್ನು ಹಾಸಿಕೊಡುವುದೇ ನಿಜವಾದ ಉಪಚಾರ.